ಜರ್ಮನ್ ಸಿನಿಮಾ ಬಗ್ಗೆ ಬರೆಯುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. 'ಜರ್ಮನ್ ಸಿನಿಮಾ ಚರಿತ್ರೆಯನ್ನು ಕನ್ನಡದಲ್ಲಿ ಯಾರು ಓದುತ್ತಾರೆ, ಬಿಟ್ಟುಬಿಡಲಾ?' ಎಂದು ಕೇಳಿದ್ದೀಯ. ಬಿಡಬೇಡ. ನಾನಂತೂ ಕೂತಲ್ಲಿಂದ ಏಳದೆ ಓದಿದೆ. ಕಾಗುಣಿತ, ಅಧ್ಯಾಯಗಳ ಕ್ರಮ ಇವೆಲ್ಲ ಆಮೇಲೆ ಸರಿಹೋಗುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

'ಎಂ' ಬಗ್ಗೆ ಬರೆದಿರುವ ಪುಟ ತುಂಬ ಖುಷಿ ಕೊಟ್ಟಿತು. ಫ್ರಿಟ್ಸ್ ಲಾಂಗ್ 1931ರಲ್ಲಿ ತೆಗೆದ ಚಿತ್ರ. ಶಾಲೆಗೆ ಹೋದ ಮಗಳು ಮನೆಗೆ ಬಂದಿಲ್ಲ. ತಾಯಿ 'ಎಲ್ಸೀ' ಎಂದು ಕೂಗುತ್ತಾಳೆ. ತೆರೆಯ ಮೇಲೆ ಖಾಲಿ ಮೆಟ್ಟಿಲು, ಖಾಲಿ ಅಟ್ಟ, ಊಟದ ಮೇಜಿನ ಮೇಲೆ ಖಾಲಿ ತಟ್ಟೆ. ಚೆಂಡು ಉರುಳಿ ಬಂದು ನಿಲ್ಲುತ್ತದೆ. ಬಲೂನು ತಂತಿಗೆ ಸಿಕ್ಕಿಕೊಳ್ಳುತ್ತದೆ. ಕೊಲೆಯನ್ನು ತೋರಿಸುವುದೇ ಇಲ್ಲ. ನೀನು ಕಣ್ಣಾರೆ ಕಂಡು ಬರೆದಿದ್ದೀಯ, ಅದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ. 1920ರ 'ಕ್ಯಾಲಿಗರಿ' ಚಿತ್ರದಲ್ಲಿ ಗೋಡೆಯ ಮೇಲಿನ ನೆರಳನ್ನೂ ಬಣ್ಣದಲ್ಲೇ ಬರೆದಿದ್ದಾರೆ ಎಂದು ಗುರುತಿಸಿದ್ದೂ ಹಾಗೆಯೇ.

ಆಮೇಲೆ 1950ರ ದಶಕ ಬರುತ್ತದೆ, ನೀನು ಕಣ್ಣು ಮುಚ್ಚಿಕೊಳ್ಳುತ್ತೀಯ. ಹೈಮಾಟ್ ಚಿತ್ರಗಳಿಗೆ, ಅಂದರೆ ತವರು ನೆಲದ, ಹಳ್ಳಿಗಾಡಿನ ಕಥೆ ಹೇಳುವ ಆ ಜನಪ್ರಿಯ ಚಿತ್ರಗಳಿಗೆ, ಅರ್ಧ ಪ್ಯಾರಾ! 'ಕಾಡು, ಬೆಟ್ಟ, ಹಾಡು, ಮದುವೆ, ಅಗ್ಗದ ಸರಕು' ಎಂದು ಬರೆದು ಸೀದಾ 1962ರ ಓಬರ್‌ಹೌಸನ್‌ಗೆ ಜಿಗಿದಿದ್ದೀಯ. ಒಂದನ್ನೂ ನೋಡಿಲ್ಲ, ಅಲ್ವಾ? ಓಬರ್‌ಹೌಸನ್‌ನ ಕಿರುಚಿತ್ರೋತ್ಸವದಲ್ಲಿ 26 ಯುವ ಚಿತ್ರಕರ್ಮಿಗಳು ಒಂದು ಘೋಷಣೆಗೆ ಸಹಿ ಹಾಕಿ 'ಹಳೆಯ ಸಿನಿಮಾ ಸತ್ತಿದೆ' ಎಂದರು. ಅವರ ಸಿಟ್ಟಿಗೆ ಕಾರಣ ಇತ್ತು. ಅವರ ಕಿರುಚಿತ್ರಗಳಿಗೆ ಹೊರದೇಶಗಳಲ್ಲಿ ಬಹುಮಾನ ಬರುತ್ತಿತ್ತು, ಆದರೆ ದೊಡ್ಡ ಚಿತ್ರ ಮಾಡಲು ಉದ್ಯಮ ಒಳಗೆ ಬಿಡುತ್ತಿರಲಿಲ್ಲ. ಆ ಸಿಟ್ಟನ್ನು ನೀನು ಸುಮ್ನೆ ಎರವಲು ತಂದಿದ್ದೀಯ.

1951ರ ಹೈಮಾಟ್ ಚಿತ್ರ 'ಗ್ರ್ಯೂನ್ ಇಸ್ಟ್ ಡೀ ಹೈಡೆ' (ಬಯಲು ಹಸಿರಾಗಿದೆ) ನೋಡು. ಮೇಲ್ನೋಟಕ್ಕೆ ಹಸಿರು ಬಯಲು, ಒಬ್ಬ ಅರಣ್ಯಾಧಿಕಾರಿ, ಒಂದು ಪ್ರೇಮ. ಆದರೆ ಕದ್ದು ಬೇಟೆಯಾಡುವ ಆ ಹಿರಿಯ ಯಾರು? ಯುದ್ಧ ಸೋತ ಜರ್ಮನಿಯ ಕೈತಪ್ಪಿದ ಪೂರ್ವದ ಪ್ರದೇಶದಲ್ಲಿ ಮನೆ, ಜಮೀನು ಎಲ್ಲ ಕಳೆದುಕೊಂಡು ಬಂದು ಬಂಧುಗಳ ಆಶ್ರಯದಲ್ಲಿರುವವನು. ಬೇಟೆಯೊಂದನ್ನು ಬಿಡಲಾಗುತ್ತಿಲ್ಲ. ಹೀಗೆ ಊರು ಕಳೆದುಕೊಂಡವರು ಆಗ ಪಶ್ಚಿಮ ಜರ್ಮನಿಯಲ್ಲಿ ಸುಮಾರು 80 ಲಕ್ಷ ಇದ್ದರು. ಟಿಕೆಟ್ ತೆಗೆದುಕೊಂಡು ಕೂತವರಲ್ಲಿ ಅವರೂ ಇದ್ದರು. ಹಾಗಂತ ಚಿತ್ರ ಪ್ರಾಮಾಣಿಕ ಎನ್ನುತ್ತಿಲ್ಲ. ಅದಕ್ಕೂ ಮುಂಚೆ ಜರ್ಮನಿ ಪೂರ್ವದ ದೇಶಗಳಿಗೆ ಏನು ಮಾಡಿತ್ತು ಎಂಬುದರ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಬೈಯುವುದಿದ್ದರೆ ಅದಕ್ಕೆ ಬೈಯಿ. ಕಾಡು ತೋರಿಸಿದ್ದಕ್ಕಲ್ಲ.

ಜನ ಮೆಚ್ಚಿದ ಸಿನಿಮಾಗಳನ್ನು ಹೀಗೆ ತಳ್ಳಿಹಾಕುವ ವಿಷಯದಲ್ಲಿ ನನಗೊಂದು ಹಳೆಯ ಸಿಟ್ಟಿದೆ. ಒಂದು ಪತ್ರಿಕೆಗೆ ಜರ್ಮನ್ ಕೌಬಾಯ್ ಚಿತ್ರಗಳ ಬಗ್ಗೆ ಬರೆದುಕೊಟ್ಟಿದ್ದೆ. ಪಶ್ಚಿಮ ಜರ್ಮನಿಯವರು ಕಾದಂಬರಿಕಾರ ಕಾರ್ಲ್ ಮೈಯ ಕಥೆಗಳನ್ನು ಯುಗೊಸ್ಲಾವಿಯಾದ ಬೆಟ್ಟಗಳಲ್ಲಿ ತೆಗೆದರು. ಪೂರ್ವ ಜರ್ಮನಿಯ ಸರ್ಕಾರಿ ಸ್ಟುಡಿಯೊ ಡೆಫಾ 1966ರಲ್ಲಿ ನಟ ಗೊಯ್ಕೊ ಮಿಟಿಚ್‌ನನ್ನು ಮುಂದಿಟ್ಟುಕೊಂಡು ಅಮೆರಿಕದ ಮೂಲನಿವಾಸಿಗಳ ಕಡೆಯಿಂದ ಕಥೆ ಹೇಳಿತು. ಬರ್ಲಿನ್ ಗೋಡೆಯ ಎರಡೂ ಕಡೆ ಜನ ಮುಗಿಬಿದ್ದು ನೋಡಿದರು. ಸಂಪಾದಕರು 'ಇದೆಲ್ಲ ಯಾಕೆ, ಫಾಸ್‌ಬಿಂಡರ್ ಬಗ್ಗೆ ಬರೀರಿ' ಎಂದು ವಾಪಸ್ ಕಳಿಸಿದರು. ಇವತ್ತಿಗೂ ಆ ಮಾತು ಚುಚ್ಚುತ್ತದೆ. ಯಾಕೆಂದರೆ ವಿಮರ್ಶಕರು ಮೆಚ್ಚುವ ಆ ಜರ್ಮನ್ ನಿರ್ದೇಶಕ ಫಾಸ್‌ಬಿಂಡರ್ ಹಚ್ಚಿಕೊಂಡಿದ್ದೇ ಜನ ಅತ್ತು ನೋಡಿದ ಸಿನಿಮಾಗಳನ್ನು. 1937ರಲ್ಲಿ ಜರ್ಮನಿ ಬಿಟ್ಟ ನಿರ್ದೇಶಕ ಡಗ್ಲಸ್ ಸರ್ಕ್ ಹಾಲಿವುಡ್‌ನಲ್ಲಿ ಅಂಥವನ್ನು ತೆಗೆದ. ಫಾಸ್‌ಬಿಂಡರ್ ಅವನ್ನು ಕೀಳಾಗಿ ಕಾಣಲಿಲ್ಲ, ಅವುಗಳಿಂದ ಕಲಿತ. 1974ರಲ್ಲಿ ವಯಸ್ಸಾದ ಕ್ಲೀನಿಂಗ್ ಹೆಂಗಸು ಮತ್ತು ಮೊರಾಕ್ಕೊದ ಕೆಲಸಗಾರನ ಪ್ರೇಮದ ಚಿತ್ರ ತೆಗೆದದ್ದು ಆ ಬಲದಿಂದಲೇ.

ಆ ಅರ್ಧ ಪ್ಯಾರಾ ಹರಿದು ಹಾಕು ಮಾರಾಯ. ನಾಲ್ಕಾರು ಹೈಮಾಟ್ ಚಿತ್ರಗಳನ್ನು ಹುಡುಕಿ, ಬೇಜಾರಾದರೂ ಕೊನೆವರೆಗೂ ಕೂತು ನೋಡು. ಹಿಡಿಸದಿದ್ದರೆ ಯಾವ ದೃಶ್ಯ, ಯಾಕೆ ಎಂದು ಹೇಳಿ ಬೈದು ಬರಿ. ಉಳಿದ ಅಧ್ಯಾಯಗಳನ್ನು ಮುಟ್ಟಬೇಡ. ಹೊಸದು ಆದ ತಕ್ಷಣ ಕಳಿಸು, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ