ಹೆಸರಿಗೆ ಮುದ್ರೆ ಒತ್ತುವ ಮೊದಲು ಪೀಪಾಯಿಯ ಲೆಕ್ಕ ಕೇಳಿ: ಕೇಂದ್ರ ವಾಣಿಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ ನಮಸ್ಕಾರಗಳು.

2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಟ್ಲೆಂಡಿನ ವಿಸ್ಕಿಯಾದ ಸ್ಕಾಚ್ ಮೇಲಿನ ಆಮದು ಸುಂಕ ಶೇ 150ರಿಂದ ಮೊದಲು ಶೇ 75ಕ್ಕೆ, ಆಮೇಲೆ ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಯಬೇಕು. ಬೆಂಗಳೂರಿನಲ್ಲೋ ಗೋವಾದಲ್ಲೋ ತಯಾರಾದ ಸಿಂಗಲ್ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ) ಇನ್ನು ಸ್ಕಾಚ್‌ನ ಮಗ್ಗುಲಲ್ಲೇ, ಹೆಚ್ಚುಕಡಿಮೆ ಅದೇ ಬೆಲೆಗೆ ಮಾರಾಟವಾಗಬೇಕಾಗುತ್ತದೆ. ಸ್ಕಾಚ್ ಎಂಬ ಹೆಸರಿನ ಹಿಂದೆ ಒಂದು ದೇಶದ ಕಾನೂನು ನಿಂತಿದೆ. ನಮ್ಮ ಬಾಟಲಿಯ ಹಿಂದೆ ಇರುವುದು ಹೆಚ್ಚಾಗಿ ತಯಾರಕರ ಮಾತು. ಆದ್ದರಿಂದ ಭಾರತದ ಸಿಂಗಲ್ ಮಾಲ್ಟ್‌ಗೂ ಭೌಗೋಳಿಕ ಸೂಚಕ, ಅಂದರೆ ಒಂದು ನಾಡಿನ ಹೆಸರು ಆ ನಾಡಿನ ಉತ್ಪನ್ನಕ್ಕೇ ಮೀಸಲೆಂದು ಕಾನೂನು ಕೊಡುವ ಜಿಐ ಮಾನ್ಯತೆ ಬೇಕು ಎನ್ನುವವರಲ್ಲಿ ನಾವೂ ಇದ್ದೇವೆ. ಆದರೆ ಏನನ್ನು ಬರೆದು ನೋಂದಾಯಿಸುತ್ತೀರಿ, ಬರೆದದ್ದನ್ನು ಯಾರು ಪರೀಕ್ಷಿಸುತ್ತಾರೆ ಎಂಬುದು ಮೊದಲು ಇತ್ಯರ್ಥವಾಗಲಿ ಎಂಬುದು ನಮ್ಮ ಕೋರಿಕೆ.

ನಂಜನಗೂಡು ರಸಬಾಳೆಗೆ ಜಿಐ ಇದೆ. ಅದು ಅಸಲಿಯೋ ಅಲ್ಲವೋ ಎಂದು ಬಲ್ಲವರು ಮೂಸಿ, ಸಿಪ್ಪೆ ಸುಲಿದು ಹೇಳಬಲ್ಲರು. ಮದ್ಯದಲ್ಲಿ ಇದು ನಡೆಯುವುದಿಲ್ಲ. ಮೂರು ವರ್ಷ ಪೀಪಾಯಿಯಲ್ಲಿ ಕೂತ ಮಾಲ್ಟ್‌ಗೂ, ಒಂದು ವರ್ಷ ಕೂತು ಓಕ್ ಚಕ್ಕೆಯ ರುಚಿ, ಕ್ಯಾರಮೆಲ್ ಬಣ್ಣ ಸೇರಿಸಿಕೊಂಡ ಮಾಲ್ಟ್‌ಗೂ ಇರುವ ವ್ಯತ್ಯಾಸ ಬಾಟಲಿ ಕೊಂಡವರಿಗೆ ತಿಳಿಯುವುದಿಲ್ಲ. ಅದು ತಿಳಿಯುವುದು ಡಿಸ್ಟಿಲರಿಯ ದಾಸ್ತಾನು ಪುಸ್ತಕದಲ್ಲಿ ಮಾತ್ರ. ನಮ್ಮ 2002ರ ಜಿಐ ನಿಯಮಗಳು ಅರ್ಜಿದಾರರಿಂದ ತಪಾಸಣಾ ವ್ಯವಸ್ಥೆಯ ವಿವರ ಕೇಳುತ್ತವೆ, ಆದರೆ ‘ಇದ್ದರೆ’ ಎಂಬ ಒಂದು ಪದವನ್ನೂ ಸೇರಿಸಿವೆ. ಬಾಳೆಗೆ, ಸೀರೆಗೆ ಅದು ನಡೆದೀತು. ಮದ್ಯಕ್ಕೆ ಆ ಪದವೇ ಕಳ್ಳಗಿಂಡಿ. ಮದ್ಯದ ಅರ್ಜಿಗಳ ಮಟ್ಟಿಗೆ ಅದನ್ನು ತೆಗೆದುಹಾಕಿ.

ಸ್ಕಾಚ್‌ನವರು ಹೆಸರನ್ನು ಹೇಗೆ ಕಾಪಾಡಿಕೊಂಡರು ಎಂಬುದಕ್ಕೆ ನಮ್ಮ ನ್ಯಾಯಾಲಯಗಳೇ ಸಾಕ್ಷಿ. ‘ಹೈಲ್ಯಾಂಡ್ ಚೀಫ್’ ಎಂಬ ಹೆಸರು, ಜೊತೆಗೆ ಗರಿಯ ಟೋಪಿ ತೊಟ್ಟ ಸ್ಕಾಟಿಷ್ ವ್ಯಕ್ತಿಯ ಚಿತ್ರ ಇದ್ದ ಲೇಬಲ್ ಟ್ರೇಡ್‌ಮಾರ್ಕ್ ಆಗುವುದನ್ನು ಅವರು ದೆಹಲಿ ಹೈಕೋರ್ಟ್‌ನಲ್ಲಿ ತಡೆದರು. ಬೆಂಗಳೂರಿನ ‘ಪೀಟರ್ ಸ್ಕಾಟ್’ ವಿಸ್ಕಿಯ ವಿಷಯದಲ್ಲಿ ಮಾತ್ರ 2008ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಗೊತ್ತಿದ್ದೂ ವರ್ಷಗಟ್ಟಲೆ ಸುಮ್ಮನಿದ್ದದ್ದು ಆ ಸೋಲಿಗೆ ಒಂದು ಮುಖ್ಯ ಕಾರಣ. ಈಗ ‘ಸ್ಕಾಚ್ ವಿಸ್ಕಿ’ ನಮ್ಮ ಜಿಐ ಪಟ್ಟಿಯಲ್ಲೇ ಇದೆ. ವೈನ್ ಮತ್ತು ಮದ್ಯಗಳಿಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ (ಬೌದ್ಧಿಕ ಆಸ್ತಿ) ಒಪ್ಪಂದದ 23ನೇ ವಿಧಿ ಕೊಡುವ ರಕ್ಷಣೆ ಇನ್ನೂ ಬಿಗಿ. ಹುಟ್ಟೂರನ್ನು ಸ್ಪಷ್ಟವಾಗಿ ಬರೆದಿದ್ದರೂ ‘ಸ್ಕಾಚ್ ಮಾದರಿ’, ‘ಸ್ಕಾಚ್ ಶೈಲಿ’ ಎಂದು ಹಾಕುವಂತಿಲ್ಲ.

ಈ ಬಿಗಿಗೆ ಆಧಾರವಾಗಿ ನಿಂತಿರುವುದು 2009ರ ಸ್ಕಾಚ್ ವಿಸ್ಕಿ ನಿಯಮಾವಳಿ. ಧಾನ್ಯವನ್ನು ಅರೆದು ನೆನೆಸುವುದು, ಹುದುಗಿಸುವುದು, ಬಟ್ಟಿ ಇಳಿಸುವುದು ಎಲ್ಲವೂ ಸ್ಕಾಟ್ಲೆಂಡಿನ ಒಂದೇ ಡಿಸ್ಟಿಲರಿಯಲ್ಲಿ ಆಗಬೇಕು. ಪಿಷ್ಟ ಸಕ್ಕರೆಯಾಗುವುದು ಧಾನ್ಯದಲ್ಲೇ ಇರುವ ಕಿಣ್ವದಿಂದ ಮಾತ್ರ. ಬಟ್ಟಿ ಇಳಿಸಿದಾಗ ತೀವ್ರತೆ, ಅಂದರೆ ಮದ್ಯಸಾರದ ಪ್ರಮಾಣ, ಶೇ 94.8ಕ್ಕಿಂತ ಕಡಿಮೆ ಇರಬೇಕು. 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನಲ್ಲೇ, ಕನಿಷ್ಠ ಮೂರು ವರ್ಷ ಮಾಗಬೇಕು. ನೀರು ಮತ್ತು ಸಾದಾ ಕ್ಯಾರಮೆಲ್ ಬಣ್ಣ ಬಿಟ್ಟು ಬೇರೇನನ್ನೂ ಹಾಕುವಂತಿಲ್ಲ. ಬಾಟಲಿಯಲ್ಲಿ ಕನಿಷ್ಠ ಶೇ 40 ಮದ್ಯಸಾರ ಇರಬೇಕು. ಸಿಂಗಲ್ ಮಾಲ್ಟ್ ಆದರೆ ಬಾಟಲಿಗೆ ತುಂಬುವುದೂ ಅಲ್ಲೇ. ಇದರಲ್ಲಿ ಅಳೆದು ನೋಡಲಾಗದ, ಲೆಕ್ಕ ಕೇಳಲಾಗದ ಒಂದು ಸಾಲೂ ಇಲ್ಲ. ಪರೀಕ್ಷಿಸುವ ಹೊಣೆ ಅಲ್ಲಿನ ತೆರಿಗೆ ಇಲಾಖೆಯದು.

ನಮ್ಮಲ್ಲಿ 2018ರ ಮದ್ಯ ಪಾನೀಯಗಳ ಆಹಾರ ಸುರಕ್ಷತಾ ನಿಯಮಗಳು ಸಿಂಗಲ್ ಮಾಲ್ಟ್ ಎಂದರೇನು ಎಂದು ಹೇಳಿವೆ, ಆದರೆ ಕನಿಷ್ಠ ಮೂರು ವರ್ಷ ಮಾಗಬೇಕು ಎಂಬ ಕಟ್ಟಳೆ ಹಾಕಿಲ್ಲ. ನಮ್ಮ ಸೆಕೆಗೆ ಬೇಗ ಮಾಗುತ್ತದೆ, ಮೂರು ವರ್ಷ ಏಕೆ ಎಂಬ ವಾದ ನಿಮ್ಮ ಮುಂದೆ ಖಂಡಿತ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ. ಬಿಸಿಗೆ ಮರದ ಬಣ್ಣ, ವೆನಿಲಾ ಪರಿಮಳ, ಒಗರು ಬೇಗ ಇಳಿಯುತ್ತವೆ. ಆದರೆ ಹೊಸ ಮದ್ಯದ ಗಂಧಕದ ವಾಸನೆ ಕಳೆಯುವುದು, ಮರದ ಮೂಲಕ ಒಳಬಂದ ಗಾಳಿಯಿಂದ ಒರಟುತನ ಇಳಿಯುವುದು ಅಷ್ಟೇ ವೇಗದಲ್ಲಿ ಆಗುವುದಿಲ್ಲ. ಬಣ್ಣ ಬಂದ ಮಾತ್ರಕ್ಕೆ ಮಾಗಿತು ಎಂದಲ್ಲ. ಇನ್ನೊಂದು ಮಾತು: ಮೂರು ವರ್ಷ ತುಂಬದ ಮದ್ಯವನ್ನು ಐರೋಪ್ಯ ಒಕ್ಕೂಟದಲ್ಲಿ ವಿಸ್ಕಿ ಎಂದು ಮಾರುವಂತೆಯೇ ಇಲ್ಲ. ಹೊರದೇಶದ ಮಾರುಕಟ್ಟೆಗೆಂದೇ ಪಡೆದ ಹೆಸರು ಅಲ್ಲೇ ನಡೆಯದಿದ್ದರೆ ಆ ಹೆಸರಿನಿಂದ ಏನು ಬಂತು?

ಆದರೂ ತಯಾರಕರ ಕಷ್ಟ ಸುಳ್ಳಲ್ಲ. 200 ಲೀಟರಿನ ಒಂದು ಪೀಪಾಯಿ ತೆಗೆದುಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತದೆ, ನಮ್ಮಲ್ಲಿ ಶೇ 10 ಅಥವಾ ಅದಕ್ಕೂ ಹೆಚ್ಚು. ಶೇ 10 ಎಂದೇ ಹಿಡಿದರೂ ಮೂರು ವರ್ಷಕ್ಕೆ ಉಳಿಯುವುದು 146 ಲೀಟರ್, ಎಂಟು ವರ್ಷಕ್ಕೆ 86. ಅಲ್ಲಿ ಹನ್ನೆರಡು ವರ್ಷ ಕಳೆದ ಮೇಲೂ 157 ಲೀಟರ್ ಇರುತ್ತದೆ. ಅಂದರೆ ಅವರ ಹನ್ನೆರಡು ವರ್ಷದ ನಷ್ಟಕ್ಕಿಂತ ನಮ್ಮ ಮೂರು ವರ್ಷದ ನಷ್ಟವೇ ಹೆಚ್ಚು. ರಾಜ್ಯದ ಅಬಕಾರಿ ನಿಯಮ ಒಪ್ಪುವ ಆವಿ ನಷ್ಟ ಈ ವಾಸ್ತವಕ್ಕಿಂತ ಕಡಿಮೆ ಇದ್ದರೆ ತಯಾರಕರ ಮುಂದೆ ಎರಡೇ ದಾರಿ ಉಳಿಯುತ್ತವೆ. ಬೇಗ ಬಾಟಲಿಗೆ ತುಂಬಬೇಕು, ಇಲ್ಲವೇ ಪುಸ್ತಕ ತಿದ್ದಬೇಕು. ಮದ್ಯ ರಾಜ್ಯಪಟ್ಟಿಯ ವಿಷಯ ಎಂದು ಕೇಂದ್ರ ಕೈಕಟ್ಟಿ ಕೂರಬಾರದು. ಜಿಐ ನೋಂದಣಿಗೆ ಮೊದಲೇ ರಾಜ್ಯಗಳ ಅಬಕಾರಿ ಆಯುಕ್ತರನ್ನು ಕೂರಿಸಿಕೊಂಡು, ಆಯಾ ಹವೆಯಲ್ಲಿ ಅಳೆದ ನಷ್ಟವನ್ನು ಒಪ್ಪಿಕೊಳ್ಳುವಂತೆ ಮಾಡಿ.

ಅಳೆಯುವುದು ಹೇಗೆ ಎಂಬಲ್ಲೇ ಹೆಚ್ಚಿನ ಎಡವಟ್ಟು. ಒಣ ಹವೆಯ ಗೋದಾಮಿನಲ್ಲಿ ಪೀಪಾಯಿಯಿಂದ ನೀರು ಹೆಚ್ಚು ಆರುತ್ತದೆ, ಒಳಗಿನ ತೀವ್ರತೆ ಏರುತ್ತದೆ. ಕರಾವಳಿಯಂಥ ತೇವದ ಹವೆಯಲ್ಲಿ ಮದ್ಯಸಾರ ಹೆಚ್ಚು ಹೋಗುತ್ತದೆ, ತೀವ್ರತೆ ಇಳಿಯುತ್ತದೆ. ಎರಡು ಕಡೆಯೂ ಶೇ 62.5ರ ಮದ್ಯ ತುಂಬಿ, ಮೂರು ವರ್ಷದ ಮೇಲೆ ಎರಡರಲ್ಲೂ 146 ಲೀಟರ್ ಉಳಿದು, ಒಂದರಲ್ಲಿ ತೀವ್ರತೆ 65, ಇನ್ನೊಂದರಲ್ಲಿ 60 ಬಂತು ಎಂದುಕೊಳ್ಳಿ. ಬರೀ ಲೀಟರ್ ಬರೆದ ಪುಸ್ತಕದಲ್ಲಿ ಎರಡೂ ಒಂದೇ. ಶುದ್ಧ ಮದ್ಯಸಾರದ ಲೆಕ್ಕದಲ್ಲಿ ಒಂದು 94.9 ಲೀಟರ್, ಇನ್ನೊಂದು 87.6. ನಡುವಿನ 7.3 ಲೀಟರನ್ನು ನಮ್ಮ ರೂಢಿಯ ಶೇ 42.8ಕ್ಕೆ ಇಳಿಸಿದರೆ 750 ಮಿಲಿಯ 22 ಬಾಟಲಿಗೂ ಹೆಚ್ಚಾಗುತ್ತದೆ. ಒಂದೊಂದು ಪೀಪಾಯಿಗೆ ಇಷ್ಟು ಅಂತರ! ಆದ್ದರಿಂದ ಪ್ರತಿ ಪೀಪಾಯಿಗೂ ಸಂಖ್ಯೆ, ತುಂಬಿದ ದಿನ, ಲೀಟರ್, 20 ಡಿಗ್ರಿ ಸೆಲ್ಸಿಯಸ್‌ಗೆ ಸರಿಹೊಂದಿಸಿದ ಹೈಡ್ರೋಮೀಟರ್ (ತೀವ್ರತೆ ಅಳೆಯುವ ಉಪಕರಣ) ಅಳತೆ ಮತ್ತು ಶುದ್ಧ ಮದ್ಯಸಾರ ಎಲ್ಲವೂ ಪುಸ್ತಕದಲ್ಲಿರಬೇಕು. ಬೇಸಿಗೆಯ ಗೋದಾಮಿನಲ್ಲಿ 32 ಡಿಗ್ರಿಯಲ್ಲಿ ಓದಿದ ಅಳತೆಯನ್ನು ಹಾಗೇ ಬರೆದರೆ ತೀವ್ರತೆ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಹಳೆಯ ಪೀಪಾಯಿಗೆ ಹೊಸ ಮದ್ಯ ಸೇರಿಸಿ ಹಳೆಯ ದಿನಾಂಕವನ್ನೇ ಉಳಿಸಿಕೊಳ್ಳುವುದು ಮೋಸದ ಇನ್ನೊಂದು ದಾರಿ. ಇದಕ್ಕೆ ಮದ್ದು ಸರಳ: ಬೆರಕೆಯಲ್ಲಿ ಎಲ್ಲಕ್ಕಿಂತ ಎಳೆಯದು ಯಾವುದೋ ಅದರ ವಯಸ್ಸೇ ಲೇಬಲ್‌ನ ವಯಸ್ಸು. ಓಕ್ ಚಕ್ಕೆ, ಓಕ್ ಸಾರ ಎರಡನ್ನೂ ಹೆಸರು ಹಿಡಿದು ನಿಷೇಧಿಸಿ. ‘ಸಾಂಪ್ರದಾಯಿಕ ರೀತಿಯಲ್ಲಿ’ ಎಂದು ಬರೆದು ಬಿಟ್ಟರೆ ಯಾರೂ ಸಿಕ್ಕಿಬೀಳುವುದಿಲ್ಲ.

ಕಾಕಂಬಿಯ ಮದ್ಯಸಾರ ಸೇರದಂತೆ ಕಾಯಲು ಮಾಲ್ಟ್‌ನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ, ಇಳುವರಿಯೇ ಸಾಕು. ಸ್ಕಾಟ್ಲೆಂಡಿನಲ್ಲಿ ಒಂದು ಟನ್ ಮಾಲ್ಟ್‌ನಿಂದ ಸುಮಾರು 400 ಲೀಟರ್ ಶುದ್ಧ ಮದ್ಯಸಾರ ಬರುತ್ತದೆ. ರಾಜಸ್ಥಾನ, ಹರಿಯಾಣ, ಪಂಜಾಬಿನ ಆರು ಸಾಲಿನ ಬಾರ್ಲಿಯಲ್ಲಿ ಪ್ರೋಟೀನ್ ಹೆಚ್ಚು, ಪಿಷ್ಟ ಕಡಿಮೆ. ಹಾಗಾಗಿ ಇಳುವರಿ ಅದಕ್ಕಿಂತ ಕಡಿಮೆಯೇ ಇರಬೇಕು. ಟನ್ನಿಗೆ 500 ಲೀಟರ್ ತೋರಿಸುವ ಪುಸ್ತಕ ಸಿಕ್ಕರೆ ಹೊರಗಿನ ಮದ್ಯಸಾರ ಒಳಗೆ ಬಂದಿದೆ ಎಂದೇ ಅರ್ಥ. ಮಾಲ್ಟ್ ಖರೀದಿಯ ರಸೀದಿಯನ್ನು ಬಟ್ಟಿಯ ಪುಸ್ತಕದ ಎದುರಿಗಿಟ್ಟು ನೋಡಲು ಅಬಕಾರಿ ಅಧಿಕಾರಿಗೆ ಒಂದು ಮಧ್ಯಾಹ್ನ ಸಾಕು.

ಹೊರದೇಶದಿಂದ ದೊಡ್ಡ ಪ್ರಮಾಣದಲ್ಲಿ ತರಿಸಿದ ಮಾಲ್ಟ್ ವಿಸ್ಕಿ ಈ ಹೆಸರಿನೊಳಗೆ ಒಂದು ಹನಿಯೂ ಸೇರಬಾರದು. ಜಪಾನಿನಲ್ಲಿ ಆದದ್ದನ್ನು ನೋಡಿ. ಹೊರಗಿಂದ ತಂದ ವಿಸ್ಕಿ ಅಲ್ಲಿ ವರ್ಷಗಟ್ಟಲೆ ‘ಜಪಾನೀಸ್ ವಿಸ್ಕಿ’ ಎಂದೇ ಮಾರಾಟವಾಯಿತು. 2021ರಲ್ಲಿ ತಯಾರಕರ ಸಂಘ ಮೂರು ವರ್ಷ, 700 ಲೀಟರ್, ಜಪಾನಿನಲ್ಲೇ ಬಟ್ಟಿ ಎಂಬ ಕಟ್ಟಳೆ ತಂದಾಗಲೂ ಅದು ಸಂಘದ ಸದಸ್ಯರಿಗಷ್ಟೇ ಅನ್ವಯಿಸಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ನಮ್ಮದೇ ಪಾಠವೂ ಇದೆ. ಗೋವಾದ ಗೇರು ಫೆನಿಗೆ 2009ರಲ್ಲಿ ಜಿಐ ಸಿಕ್ಕಿತು. ತೆಂಗಿನ ಫೆನಿ ಹೊರಗುಳಿಯಿತು. ಹೆಸರಿಗೆ ರಕ್ಷಣೆ ಬಂದರೂ ‘ದೇಶಿ ಮದ್ಯ’ ಎಂಬ ಅಬಕಾರಿ ವರ್ಗದಲ್ಲೇ ಸಿಕ್ಕಿಕೊಂಡಿದ್ದರಿಂದ ಅದಕ್ಕೆ ರಾಜ್ಯದ ಗಡಿ ದಾಟುವುದು ಬಹಳ ಕಾಲ ಕಷ್ಟವಾಯಿತು.

ಅರ್ಜಿ ಒಪ್ಪಿಗೆಯಾಗಿ ಜಿಐ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಮೂರು ತಿಂಗಳು, ಹೆಚ್ಚೆಂದರೆ ಇನ್ನೊಂದು ತಿಂಗಳು ಅವಕಾಶ. ಪೀಪಾಯಿಯ ಅಳತೆ, ವಯಸ್ಸು, ನಷ್ಟದ ಮಿತಿ, ತಪಾಸಣೆಯ ಹೊಣೆ ಇವಿಷ್ಟೂ ಇರುವ ಕರಡನ್ನು ಅದಕ್ಕೂ ಮೊದಲೇ, ಕನ್ನಡವೂ ಸೇರಿದಂತೆ ಬಾರ್ಲಿ ಬೆಳೆಯುವ ಮತ್ತು ಬಟ್ಟಿ ಇಳಿಸುವ ರಾಜ್ಯಗಳ ಭಾಷೆಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ. ಗೋದಾಮಿನಲ್ಲಿ ದಿನವೂ ಹೈಡ್ರೋಮೀಟರ್ ಹಿಡಿಯುವವರು ಅದನ್ನು ಓದಿ ತಪ್ಪು ತೋರಿಸುವಷ್ಟು ಸಮಯ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಬಟ್ಟಿ, ಪೀಪಾಯಿ ಮತ್ತು ದಾಸ್ತಾನು ಲೆಕ್ಕದ ಕೆಲಸ ಬಲ್ಲ ಕೆಲವರು