ಪೋಷಕರಿಗೆ ಪತ್ರ: ಮಕ್ಕಳನ್ನು ಗೊಂದಲಗೊಳಿಸುವ ಇಂಗ್ಲಿಷ್ ಪದಗಳು

ಪ್ರಿಯ ಪೋಷಕರೇ,

ಮಕ್ಕಳ ಇಂಗ್ಲಿಷ್ ನೋಟ್ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದಿರುವ ಪದಗಳನ್ನು ಒಮ್ಮೆ ಗಮನಿಸಿ. ಬಹಳಷ್ಟು ಪದಗಳು ಒಂದೇ ಥರ ಕೇಳಿಸುವಂಥವು. ಓದಿಲ್ಲ ಅಂತ ಮಗುವನ್ನು ಬೈಯಬೇಡಿ. ಅದು ಕಿವಿಯನ್ನು ನಂಬಿ ಬರೆದಿದೆ.

ಕನ್ನಡದಲ್ಲಿ ಹೆಚ್ಚುಕಡಿಮೆ ಕೇಳಿದಂತೆಯೇ ಬರೆಯುತ್ತೇವೆ, ಅಲ್ವಾ? ಇಂಗ್ಲಿಷ್‌ನಲ್ಲಿ ಅದು ನಡೆಯುವುದಿಲ್ಲ. ರಾತ್ರಿಯೂ ನೈಟ್, ಕುದುರೆ ಏರಿದ ಯೋಧನೂ ನೈಟ್. ಯೋಧನ ನೈಟ್‌ಗೆ ಮೊದಲಲ್ಲಿರುವ ಕೆ ಅಕ್ಷರವನ್ನು ಹಿಂದೆ ಬಾಯಿಬಿಟ್ಟು ಹೇಳುತ್ತಿದ್ದರು. 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ಬಂತು. ಆಮೇಲೆ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಯಿತು, ಮಾತು ಬದಲಾಗುತ್ತಲೇ ಹೋಯಿತು.

ನಮ್ಮ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ. ಕಳೆದುಕೊಳ್ಳು ಅನ್ನುವ ಲೂಸ್, ಸಡಿಲ ಅನ್ನುವ ಲೂಸ್ ನಮ್ಮ ಬಾಯಲ್ಲಿ ಒಂದೇ ಆಗಿಬಿಡುತ್ತವೆ. ನಿಜವಾಗಿ ಕೊನೆಯ ಸದ್ದು ಬೇರೆ. ಗಂಟಲ ಮೇಲೆ ಬೆರಳಿಟ್ಟು ಹೇಳಿಸಿ. ಕಳೆದುಕೊಳ್ಳುವ ಲೂಸ್‌ಗೆ ಗಂಟಲು ಕೊನೆಯವರೆಗೂ ನಡುಗಬೇಕು. ಸಡಿಲದ ಲೂಸ್‌ಗೆ ಕೊನೆಯಲ್ಲಿ ನಡುಕ ನಿಲ್ಲಬೇಕು. ಬರೆಯುವಾಗ ಸಡಿಲಕ್ಕೆ ಎರಡು ಓ, ಇನ್ನೊಂದಕ್ಕೆ ಒಂದೇ. ಅಡ್ವೈಸ್ ಕೂಡ ಹೀಗೆಯೇ: ಸಲಹೆ ಅನ್ನುವಾಗ ಸಿ, ಸಲಹೆ ಕೊಡು ಅನ್ನುವಾಗ ಎಸ್.

ಬಾರೋ, ಲೆಂಡ್ ಪದಗಳ ಗೊಂದಲಕ್ಕೆ ಸದ್ದು ಕಾರಣವಲ್ಲ. ನಾವು ಸಾಲ ಕೊಡುತ್ತೇವೆ, ಸಾಲ ತಗೊಳ್ಳುತ್ತೇವೆ. ಎರಡು ಕಡೆಯೂ ಸಾಲವೇ. ಇಂಗ್ಲಿಷ್‌ನಲ್ಲಿ ಕೊಟ್ಟರೆ ಲೆಂಡ್, ತಗೊಂಡರೆ ಬಾರೋ.

ಇಟ್ಸ್ ವಿಷಯದಲ್ಲಂತೂ ಮಗುವಿನ ಲೆಕ್ಕಾಚಾರ ಮೆಚ್ಚುವಂಥದ್ದು. ರಾಮನ ಪುಸ್ತಕ ಎಂದು ಇಂಗ್ಲಿಷ್‌ನಲ್ಲಿ ಬರೆಯಲು ಅಪಾಸ್ಟ್ರಫಿ, ಅಂದರೆ ಅಕ್ಷರದ ಮೇಲ್ಬದಿಗೆ ಹಾಕುವ ಸಣ್ಣ ಗುರುತು (’) ಬೇಕು, ಹಾಗಾಗಿ 'ಅದರ' ಅನ್ನುವ ಇಟ್ಸ್‌ಗೂ ಬೇಕು ಅಂದುಕೊಳ್ಳುತ್ತದೆ. ಆದರೆ ಹಿಸ್, ಅವರ್ಸ್ ಪದಗಳಿಗೆ ಇಲ್ಲವಲ್ಲ, ಇದಕ್ಕೂ ಇಲ್ಲ. ವಾಕ್ಯವನ್ನು ಇಟ್ ಈಸ್ ಅಥವಾ ಇಟ್ ಹ್ಯಾಸ್ ಎಂದು ಬಿಡಿಸಿ ಓದಿಸಿ. ಅರ್ಥ ಬಂದರೆ ಮಾತ್ರ ಅಪಾಸ್ಟ್ರಫಿ.

ಒಂದು ಕೋರಿಕೆ. ಇಂಥ ಎರಡು ಪದಗಳನ್ನು ಪಕ್ಕಪಕ್ಕ ಬರೆಸಿ ಒಂದೇ ದಿನ ಬಾಯಿಪಾಠ ಮಾಡಿಸಬೇಡಿ. ಜೋಡಿಯಾಗಿ ಕಲಿತದ್ದು ಪರೀಕ್ಷೆಯ ಹೊತ್ತಿಗೆ ಅದಲುಬದಲಾಗುತ್ತದೆ. ಮೊದಲು ಒಂದು ಪದ ವಾಕ್ಯದೊಳಗೆ ಗಟ್ಟಿಯಾಗಲಿ. ಕೆಲವು ದಿನ ಬಿಟ್ಟು ಇನ್ನೊಂದನ್ನು ಕಲಿಸಿ. ಮೊಬೈಲ್ ತಾನೇ ತಿದ್ದುತ್ತದೆ ಅಂತ ಸುಮ್ನೆ ಇರಬೇಡಿ. ಎರಡೂ ಸರಿಯಾದ ಪದಗಳೇ ಆದ್ದರಿಂದ ಅದು ತಪ್ಪು ಹಿಡಿಯದೆ ಹೋಗಬಹುದು.

ನಿಮ್ಮ ಮಗು ಪದೇ ಪದೇ ತಪ್ಪುವ ಪದಗಳನ್ನು ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದು ಕಳಿಸಿ. ತರಗತಿಯಲ್ಲಿ ಅವುಗಳಿಂದಲೇ ಶುರು ಮಾಡುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ