ಶನಿವಾರ ಆಧಾರ್ ಅಪ್‌ಡೇಟ್: ಆರು ಬೆರಳಿನ ಮಕ್ಕಳನ್ನೂ ಕರೆತನ್ನಿ

ಎಲ್ಲರಿಗೂ ನಮಸ್ಕಾರ.

ಶನಿವಾರ ಬೆಳಿಗ್ಗೆ 10ಕ್ಕೆ ಶಾಲೆಯ ಹಾಲ್‌ನಲ್ಲಿ ಮಕ್ಕಳ ಆಧಾರ್ ಬಯೋಮೆಟ್ರಿಕ್ ಅಪ್‌ಡೇಟ್ ಇದೆ. 5 ವರ್ಷ ತುಂಬಿದವರು, 15 ತುಂಬಿದವರು ಮಾಡಿಸಲೇಬೇಕು. ಮಗುವಿನ ಆಧಾರ್, ಜೊತೆಗೆ ನಿಮ್ಮ ಆಧಾರ್ ತನ್ನಿ. ಕೈಗೆ ಹೊಸದಾಗಿ ಮೆಹಂದಿ ಹಚ್ಚಬೇಡಿ.

ಇನ್ನೊಂದು ಮಾತು. ಹೋದ ಸಲ ಬೇರೆ ಕಡೆ ನಮ್ಮ ಅಕ್ಕನ ಮಗನನ್ನು "ಆರು ಬೆರಳಿದೆ, ಮೆಷಿನ್ ತಗೊಳ್ಳಲ್ಲ" ಅಂತ ವಾಪಸ್ ಕಳಿಸಿದ್ದರು. ಕಿರುಬೆರಳಿನ ಪಕ್ಕ ಕಡಲೆಕಾಳಿನಷ್ಟು ದಪ್ಪದ ಬೆರಳು, ಅದರಲ್ಲೊಂದು ಪುಟ್ಟ ಉಗುರು, ಅಷ್ಟೇ. ಹುಡುಗ ದಿನವಿಡೀ ಕೈ ಜೇಬಿನಲ್ಲೇ ಇಟ್ಟುಕೊಂಡಿದ್ದ. ಹಾಗೆ ವಾಪಸ್ ಕಳಿಸುವಂತಿಲ್ಲ. ಹೆಚ್ಚಿನ ಬೆರಳು ಬಿಟ್ಟು ಮುಖ್ಯವಾದ ಐದು ಬೆರಳಿನ ಗುರುತು ತಗೊಳ್ಳಬೇಕು ಅಂತಲೇ ಆಧಾರ್ ನಿಯಮ ಇದೆ. ಯಾರಾದರೂ ತಕರಾರು ಮಾಡಿದರೆ ಅಲ್ಲೇ ನನ್ನನ್ನು ಕರೆಯಿರಿ.

ಡಾಕ್ಟರು ಇದನ್ನು ಪಾಲಿಡ್ಯಾಕ್ಟಿಲಿ ಅನ್ನುತ್ತಾರೆ. ಗ್ರೀಕ್‌ನಲ್ಲಿ ಪಾಲಿ ಅಂದರೆ ಹಲವು, ಡ್ಯಾಕ್ಟಿಲೋಸ್ ಅಂದರೆ ಬೆರಳು. ಎಷ್ಟೋ ಮನೆಗಳಲ್ಲಿ ವಂಶದಿಂದ ಬರುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ, ಬಸುರಿಯ ತಪ್ಪಂತೂ ಅಲ್ಲವೇ ಅಲ್ಲ.

ಮನೆಯಲ್ಲಿ ಎಳೆಗೂಸಿಗೆ ಹೀಗಿದ್ದರೆ ದಯವಿಟ್ಟು ದಾರ ಕಟ್ಟಿ ಬೀಳಿಸಲು ಹೋಗಬೇಡಿ. ಕೀವಾಗಬಹುದು, ನರ ಉಳಿದು ಮುಟ್ಟಿದರೆ ನೋಯುವ ಗಂಟಾಗಬಹುದು. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಒಳಗೆ ಮೂಳೆ ಇದೆಯಾ ಅಂತ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ತೊಂದರೆ ಇಲ್ಲದಿದ್ದರೆ ಸುಮ್ನೆ ಹಾಗೇ ಬಿಟ್ಟರೂ ನಡೆಯುತ್ತದೆ.

ಬರುವವರು ಶುಕ್ರವಾರ ಸಂಜೆಯೊಳಗೆ ಮಗುವಿನ ಹೆಸರು, ತರಗತಿ ಇಲ್ಲಿ ಹಾಕಿ. ಬೆರಳಿನ ವಿಷಯ ಗುಂಪಿನಲ್ಲಿ ಬರೆಯಬೇಡಿ, ನನಗೆ ಬೇರೆಯಾಗಿ ಮೆಸೇಜ್ ಮಾಡಿ ಸಾಕು.